ಕೇಳದ ಸುದ್ದಿಗೆ ಸೂತಕವಿಲ್ಲ

ಪಾರಾಮಾರಿಬೋ, ಸುರಿನಾಮ್
8 ಏಪ್ರಿಲ್ 1999

ಸೀತಾ,

ಬಂದು ಮುಟ್ಟಿದೆ. ಇಷ್ಟು ಓದಿ ಒಂದು ಲೋಟ ಕಾಫಿ ಕುಡಿ, ಆಮೇಲೆ ಉಳಿದದ್ದು ಓದು. ಬೆಂಗಳೂರು, ಬೊಂಬಾಯಿ, ಆಮ್‌ಸ್ಟರ್‌ಡ್ಯಾಮ್ ಅಂತ ವಿಮಾನ ಹತ್ತಿ ಇಳಿದು ಸೊಂಟ ಹಿಡಿದುಹೋಗಿದೆ. ನೀನು ಕಟ್ಟಿಕೊಟ್ಟ ಅವಲಕ್ಕಿಯೇ ನನ್ನನ್ನು ಬದುಕಿಸಿತು. ವಿಮಾನದ ಹುಡುಗಿ ತಟ್ಟೆ ತಂದಾಗಲೆಲ್ಲ ನಾನು ಬೇಡ ಅಂತ ಕೈ ಮುಗಿದೆ, ಅವಳೂ ಕೈ ಮುಗಿದಳು. ಹೀಗೇ ಸಮುದ್ರ ದಾಟಿದೆವು.

ನಮ್ಮ ಮಗರಾಯ ರವಿಶಂಕರ ನಕ್ಷೆಯಲ್ಲಿ ತೋರಿಸಿದನಲ್ಲ, ದಕ್ಷಿಣ ಅಮೆರಿಕದ ನೆತ್ತಿಯ ಹತ್ತಿರ ಒಂದು ಚೂರು ಜಾಗ, ಅದೇ ಈ ದೇಶ. ವಿಮಾನ ನಿಲ್ದಾಣಕ್ಕೆ ಹರಿಪರ್ಸಾದರೇ ಬಂದಿದ್ದರು. ಎರಡು ವರ್ಷದ ಹಿಂದೆ ಬಾಳೂರಿಗೆ ಕಾಫಿ ತೋಟ ನೋಡಲು ಬಂದವರು ಹೊರನಾಡಿನಲ್ಲಿ ಊಟ ಮಾಡಿ, "ನಮ್ಮೂರಲ್ಲೂ ಅನ್ನಪೂರ್ಣೆ ಆಗಬೇಕು" ಅಂತ ಹಟ ಹಿಡಿದದ್ದು ನಿನಗೆ ನೆನಪಿರಬೇಕು. ಕಾರ್ಕಳದಲ್ಲಿ ಕೆತ್ತಿಸಿದ ವಿಗ್ರಹ ನನಗಿಂತ ಮೊದಲೇ ಹಡಗಿನಲ್ಲಿ ಬಂದು ಕೂತಿದೆ. ಒಂದು ಗೀರೂ ಇಲ್ಲ.

ಈಗ ಮುಖ್ಯ ವಿಷಯ. ಪ್ರತಿಷ್ಠೆ ಇಪ್ಪತ್ತೈದನೇ ತಾರೀಕು ಭಾನುವಾರ. ನಮ್ಮ ಕ್ರಮ ಗೊತ್ತಿರುವವನು ಇಲ್ಲಿ ನಾನೊಬ್ಬನೇ. ಅಷ್ಟರೊಳಗೆ ನಮ್ಮ ಕುಟುಂಬದಲ್ಲಿ ಏನಾದರೂ ಆಗಿ ಅದು ನನ್ನ ಕಿವಿಗೆ ಬಿದ್ದರೆ ಸೂತಕ, ಅದು ಕಳೆಯುವವರೆಗೆ ವಿಗ್ರಹ ಮುಟ್ಟುವ ಹಾಗಿಲ್ಲ. ಕಿವಿಗೆ ಬೀಳದಿದ್ದರೆ ದೋಷವಿಲ್ಲ. ದೂರದೇಶದಲ್ಲಿರುವವನಿಗೆ ಸೂತಕ ತಟ್ಟುವುದು ಸುದ್ದಿ ಕೇಳಿದ ಮೇಲೆಯೇ. ಹೊರಡುವ ಮುಂಚೆ ಕಿಗ್ಗಕ್ಕೆ ಹೋಗಿ ಅಣ್ಣಯ್ಯನ ಉಬ್ಬಸ ಕಣ್ಣಾರೆ ನೋಡಿ ಬಂದವನು ನಾನು. ಅದಕ್ಕೇ ಹೇಳುತ್ತೇನೆ, ಏನೇ ಆದರೂ, ಯಾರಿಗೇ ಆದರೂ, ಪ್ರತಿಷ್ಠೆ ಮುಗಿಯುವವರೆಗೆ ನನಗೆ ಹೇಳಬೇಡ. ಮನಸ್ಸು ಕಲ್ಲು ಮಾಡಿಕೋ.

ಇದನ್ನು ಹರಿಪರ್ಸಾದರ ಬಟ್ಟೆ ಅಂಗಡಿಯ ಫ್ಯಾಕ್ಸಿನಲ್ಲಿ ಕಳಿಸುತ್ತಿದ್ದೇನೆ. ಮೂಡಿಗೆರೆಯ ಸುರೇಂದ್ರನ ಎಸ್‌ಟಿಡಿ ಬೂತಿನಲ್ಲಿ ಬಂದು ಬೀಳುತ್ತದೆ. ಕೆಂಚಯ್ಯ ಜೀಪಿನಲ್ಲಿ ತಂದುಕೊಡುತ್ತಾನೆ.

ವಿಷ್ಣುಮೂರ್ತಿ


ಬಾಳೂರು
12 ಏಪ್ರಿಲ್ 1999

ಯಜಮಾನರಿಗೆ ಸೀತೆಯ ನಮಸ್ಕಾರ.

ನಿಮ್ಮ ಕಾಗದ ನನಗಿಂತ ಮೊದಲು ಸುರೇಂದ್ರ ಓದಿದ. ಆಮೇಲೆ ಕೆಂಚಯ್ಯ ಅವನ ಹತ್ತಿರ ಓದಿಸಿಕೊಂಡ. ಮನೆಗೆ ಬರುವಷ್ಟರಲ್ಲಿ ನೀವು ವಿಮಾನದ ಹುಡುಗಿಗೆ ಕೈ ಮುಗಿದದ್ದು ಬಾಳೂರಿಗೆಲ್ಲ ಗೊತ್ತಾಗಿತ್ತು. "ಭಟ್ರು ಅಲ್ಲೂ ಬಿಡ್ಲಿಲ್ವಂತಲ್ಲ ಅಮ್ಮಾ, ಎಲ್ರಿಗೂ ಆಶೀರ್ವಾದ ಮಾಡ್ಕಂಡೇ ಹೋದ್ರಂತೆ" ಅಂತ ಕೆಲಸದ ಪಾಪಮ್ಮ ಬಾಗಿಲಲ್ಲೇ ನಗಾಡಿದಳು. ಇನ್ನು ಮೇಲೆ ನೋಡಿಕೊಂಡು ಬರೆಯಿರಿ.

ನಿನ್ನೆ ನಾಗವೇಣಿಯನ್ನು ಕೊಪ್ಪಕ್ಕೆ, ಅವಳ ತವರಿಗೆ ಬಿಟ್ಟು ಬಂದೆವು. ಸೊಸೆ ಅಂತ ದೂರುತ್ತಿಲ್ಲ, ಆದರೆ ಏಳು ತಿಂಗಳಾದರೂ ಒಂದು ಕಡೆ ಕೂರುವ ಹುಡುಗಿಯಲ್ಲ. ದಿನ ತುಂಬುವುದು ಜೂನ್ ನಡುವಿಗೆ. ನೀವು ಬಂದು, ಮಳೆ ಹಿಡಿದು, ಹಪ್ಪಳ ಸಂಡಿಗೆ ಎಲ್ಲ ಡಬ್ಬಿ ಸೇರಿದ ಮೇಲೆ ಅಜ್ಜ ಆಗುತ್ತೀರಿ, ಅವಸರವಿಲ್ಲ.

ನಿಮ್ಮ ಅಣ್ಣಯ್ಯನವರ ಚಿಂತೆ ಬೇಡ. ಕಿಗ್ಗದಿಂದ ಬಂದವರು ಹೇಳಿದರು, ಭಾವನವರು ಉಬ್ಬಸದಲ್ಲೂ ಎರಡು ಹಲಸಿನ ಹಣ್ಣು ಬಿಡಿಸಿ ಕೂತಿದ್ದರಂತೆ.

ಏನೇ ಆದರೂ ಹೇಳಬೇಡ ಅಂದಿರಿ. ಸರಿ, ಹೇಳುವುದಿಲ್ಲ. ಅಪ್ಪಣೆ ಕೊಡುವುದು ನಿಮಗೆ ಸುಲಭ.

ಸೀತಾ


ಪಾರಾಮಾರಿಬೋ
15 ಏಪ್ರಿಲ್ 1999

ಸೀತಾ,

ಸುರೇಂದ್ರನಿಗೆ ನನ್ನ ಆಶೀರ್ವಾದ ಹೇಳು, ಹೇಗೂ ಓದುತ್ತಾನಲ್ಲ.

ಈ ಊರು ಬಲು ಚೆನ್ನಾಗಿದೆ ಮಾರಾಯ್ತಿ. ಬೀದಿಗೆ ಬೀದಿಯೇ ಮರದ ಮನೆ, ಎಲ್ಲಕ್ಕೂ ಬಿಳಿ ಬಣ್ಣ. ಪಕ್ಕದಲ್ಲಿ ಗದ್ದೆಯ ಕದಡಿದ ನೀರಿನ ಬಣ್ಣದ ದೊಡ್ಡ ನದಿ. ಮಸೀದಿ ಒಂದು ಕಡೆ, ಅದರ ಬೇಲಿಗೆ ತಾಗಿಕೊಂಡೇ ಯಹೂದಿಗಳ ಪ್ರಾರ್ಥನೆಯ ಮನೆ. ಜಗಳ ಇಲ್ಲವಾ ಅಂತ ಕೇಳಿದೆ. "ಶುಕ್ರವಾರ ಇವರ ಗಾಡಿ ಅವರಲ್ಲಿ ನಿಲ್ಲುತ್ತದೆ, ಶನಿವಾರ ಅವರ ಗಾಡಿ ಇವರಲ್ಲಿ" ಅಂದರು ಹರಿಪರ್ಸಾದರು. ಅವರ ಮನೆ ಹಿತ್ತಲಲ್ಲಿ ದೊಡ್ಡ ಎಲೆಯ ಮರಕಾಫಿ ಇದೆ, ನಮ್ಮಲ್ಲಿ ಬೇಲಿಗೆ ನೆಡುತ್ತಾರಲ್ಲ, ಅದೇ ಜಾತಿ. ಉದ್ದಿನ ವಡೆಗೆ ಇಲ್ಲಿ ಬರಾ ಅನ್ನುತ್ತಾರೆ. ಬೆಳ್ಳುಳ್ಳಿ ಹಾಕದೆ ನನಗೆ ಬೇರೆ ಮಾಡಿಕೊಟ್ಟರು. ಎಷ್ಟು ತಿಂದೆ ಅಂತ ಕೇಳಬೇಡ.

ಹರಿಪರ್ಸಾದರ ತಾಯಿ ಸುಖಿಯಾ ಅಜ್ಜಿ ದಿನಾ ಬಂದು ವಿಗ್ರಹದ ಮುಂದೆ ಕೂರುತ್ತಾರೆ. ತೊಂಬತ್ತು ದಾಟಿದೆ. ಅಪ್ಪ ಅಮ್ಮ ಇಂಡಿಯಾದಲ್ಲಿ ಹೊಟ್ಟೆಗಿಲ್ಲದೆ ಕಬ್ಬಿನ ತೋಟದ ಕೂಲಿಗೆ ಹಡಗು ಹತ್ತಿ ಬಂದವರಂತೆ. "ಸೌಟು ಹಿಡಿದ ದೇವಿ ಅಂತ ಒಬ್ಬಳಿದ್ದಾಳೆ ಅಂತ ನಮ್ಮವ್ವನಿಗೆ ಯಾರೂ ಹೇಳಲಿಲ್ಲ" ಅಂತ ಅವರ ಹಿಂದಿಯಲ್ಲಿ ಹೇಳಿದರು. "ಪ್ರತಿಷ್ಠೆ ಆಗುವವರೆಗೆ ನಾನು ಇರುತ್ತೇನಲ್ಲ ಪಂಡಿತರೇ?" ಅಂತ ಕೇಳುತ್ತಾರೆ. ಇರುತ್ತೀರಿ ಅಜ್ಜಿ ಅನ್ನುತ್ತೇನೆ. ದಿನ ಮುಂದೆ ಹೋಗದಿದ್ದರೆ ಸಾಕು ಅಂತ ನನಗೆ ಒಳಗೊಳಗೇ ಪುಕಪುಕ.

ವಿಷ್ಣುಮೂರ್ತಿ


ಬಾಳೂರು
20 ಏಪ್ರಿಲ್ 1999

ಇವರೇ,

ಈ ಕಾಗದ ಸುರೇಂದ್ರನ ಕೈಗೆ ಹೋಗುವುದಿಲ್ಲ. ಬರೆದು ಟ್ರಂಕಿನಲ್ಲಿ ಸೀರೆಯ ಅಡಿ ಇಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಾಗವೇಣಿಗೆ ಹೆರಿಗೆ ಆಯಿತು. ಹೆಣ್ಣು ಮಗು. ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ತೂಕ ಒಂದೂವರೆ ಕೆ.ಜಿ. ಕೂಡ ಇಲ್ಲ. ಕೊಪ್ಪದಲ್ಲಿ ಆಗುವುದಿಲ್ಲ ಅಂತ ಮಗುವನ್ನು ಹತ್ತಿಯಲ್ಲಿ ಸುತ್ತಿ ಶಿವಮೊಗ್ಗಕ್ಕೆ ಒಯ್ದಿದ್ದಾರೆ. ರವಿ ಅಲ್ಲೇ ಇದ್ದಾನೆ. ಅವನ ಫೋನು ಬಂದಾಗ ಹಿಂದೆ ಯಾರೋ ಅಳುತ್ತಿದ್ದರು, ನಾಗವೇಣಿಯೋ ಅವಳಮ್ಮನೋ ತಿಳಿಯಲಿಲ್ಲ. "ಅಮ್ಮಾ, ಕೈ ನನ್ನ ಹೆಬ್ಬೆರಳಿನಷ್ಟೂ ಇಲ್ಲ" ಅಂದ.

ಮಗು ಹುಟ್ಟಿದರೂ ಸೂತಕವೇ, ಪುರುಡು, ಅದೂ ಹತ್ತು ದಿನ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಅಜ್ಜನಿಂದ ಮುಚ್ಚಿಡುವ ಗತಿ ಯಾವ ಹೆಂಗಸಿಗೆ ಬಂದಿದೆ ಹೇಳಿ. ಹೇಳಿದರೆ ಅಲ್ಲಿ ಸುಖಿಯಾ ಅಜ್ಜಿ ಕಾಯುತ್ತಿರುವ ಪ್ರತಿಷ್ಠೆ ನಿಂತುಹೋಗುತ್ತದೆ. ಹೇಳಿ ನಾಳೆಯೇ ಇನ್ನೊಂದು ಸುದ್ದಿ ಹೇಳಬೇಕಾಗಿ ಬಂದರೆ? ಬೇಡ, ಅದನ್ನು ಬರೆಯುವುದಿಲ್ಲ.

ಕಿಗ್ಗದಿಂದ ಭಾವನವರು ಬಂದಿದ್ದಾರೆ. ಅವರಿಗೂ ಪುರುಡೇ, ದೇವರ ಕೋಣೆಯ ಹೊಸಿಲು ದಾಟುವ ಹಾಗಿಲ್ಲ. ಬೇರೆ ಗೋತ್ರದವರು, ನಮ್ಮ ಪುರುಡು ತಟ್ಟದವರು ಅಂತ ಪೂಜೆಗೆ ಕಾಳಿಂಗ ಭಟ್ಟರಿಗೆ ಹೇಳಿಕಳಿಸಿದ್ದೇವೆ.

ಸೀತಾ


ಬಾಳೂರು
21 ಏಪ್ರಿಲ್ 1999

ಯಜಮಾನರಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಗುಡುಗು ಜೋರು. ಫೋನು ಹಾಳಾಗಿದೆ, ಮಾಡಬೇಡಿ. ತೋಟಕ್ಕೆ ಒಂದು ಒಳ್ಳೆ ಮಳೆ ಬಿತ್ತು, ಕಾಯಿ ನಿಲ್ಲುತ್ತದೆ ಅಂತ ಎಲ್ಲರೂ ಖುಷಿಯಲ್ಲಿದ್ದಾರೆ. ಮಾವಿನ ಮಿಡಿ ಈ ಸಲ ನಾನು ಉಪ್ಪಿಗೆ ಹಾಕಲಿಲ್ಲ, ಬುಟ್ಟಿಯೇ ಎತ್ತಿ ಕಾಳಿಂಗ ಭಟ್ಟರ ಮನೆಗೆ ಕೊಟ್ಟುಬಿಟ್ಟೆ. ಮನೆ ದೇವರ ಪೂಜೆಯ ಚಿಂತೆ ಬೇಡ, ನಿಂತಿಲ್ಲ. ಕಾಳಿಂಗ ಭಟ್ಟರು ದಿನಾ ಬಂದು ಮಾಡಿ ಹೋಗುತ್ತಾರೆ. ನೀವು ನಿಮ್ಮ ಕೆಲಸ ನೋಡಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಸೀತಾ


ಪಾರಾಮಾರಿಬೋ
23 ಏಪ್ರಿಲ್ 1999

ಸೀತಾ,

ನಿನ್ನ ಕಾಗದ ಓದಿ ತಲೆಯ ಮೇಲೆ ಕೈ ಹೊತ್ತು ಕೂತೆ. ನಾನು ಊರಲ್ಲಿಲ್ಲದಾಗ ಮನೆ ದೇವರ ಪೂಜೆ ಮಾಡುವವನು ರವಿ. ಅವನಿಗಾಗದಿದ್ದರೆ ಅಣ್ಣಯ್ಯ. ಬೇರೆ ಗೋತ್ರದವರು ಬಂದು ನಮ್ಮ ದೇವರಿಗೆ ನೀರು ಹಾಕುವುದು ಯಾವಾಗ? ನಮಗೆ ಸೂತಕ ಇದ್ದಾಗ. ಮನೆಯವಳು ಮಿಡಿ ಮುಟ್ಟದೆ ಬುಟ್ಟಿ ಎತ್ತಿ ಕೊಡುವುದು ಯಾವಾಗ? ಆಗಲೂ ಅದೇ. ಊರಿಗೆಲ್ಲ ಇದನ್ನೇ ಹೇಳಿಕೊಟ್ಟು ಬದುಕಿದ ನನಗೆ ನೀನು ಇದನ್ನೇ ಬರೆದು ಕಳಿಸಿದೆಯಲ್ಲ ಮಾರಾಯ್ತಿ!

ಸೊಸೆಗೆ ಇನ್ನೂ ಎರಡು ತಿಂಗಳಿದೆ, ಆದ್ದರಿಂದ ಇದು ಹುಟ್ಟಿನ ಸೂತಕ ಅಲ್ಲ. ಇನ್ನು ಉಳಿದದ್ದು ಯಾವುದು ಅಂತ ನನಗೆ ಗೊತ್ತು.

ಗೊತ್ತಾಗುವುದು ಬೇರೆ, ಕೇಳುವುದು ಬೇರೆ ಅಂತ ಮನಸ್ಸನ್ನು ಹಿಡಿದುಕೊಂಡೆ. ಶನಿವಾರ ಇಡಬೇಕಿದ್ದ ನಾಂದಿಯನ್ನು ಇವತ್ತೇ ಇಟ್ಟೆ. ಸಂಕಲ್ಪ ಮಾಡಿ ಕಂಕಣ ಕಟ್ಟಿಕೊಂಡಾಯಿತು. ಆರಂಭ ಮಾಡಿದ ಕರ್ಮಕ್ಕೆ ಆಮೇಲೆ ಬಂದ ಸೂತಕ ತಟ್ಟುವುದಿಲ್ಲ, ಶಾಸ್ತ್ರವೇ ಹಾಗಿದೆ. ಆದ್ದರಿಂದ ಇನ್ನು ನೀನು ಹೇಳಬಹುದು. ಫೋನು ಹಾಳಾಗಿದೆ ಅಂದೆ. ನಾಂದಿ ಮುಗಿಸಿ ಮಾಡಿದೆ, ರಿಂಗ್ ಆಗುತ್ತದೆ, ಎತ್ತುವವರಿಲ್ಲ.

ಅಣ್ಣಯ್ಯ ಹೋದನಾ? ಒಂದು ಮಾತು ಬರೆ.

ವಿಷ್ಣುಮೂರ್ತಿ


ಪಾರಾಮಾರಿಬೋ
26 ಏಪ್ರಿಲ್ 1999

ಸೀತಾ,

ಉತ್ತರ ಬರಲಿಲ್ಲ. ಅದೇ ಉತ್ತರ ಅಂತ ತಿಳಿದುಕೊಂಡೆ.

ಪ್ರತಿಷ್ಠೆ ನಿನ್ನೆ ಸುಸೂತ್ರವಾಗಿ ಆಯಿತು. ಎಲ್ಲಿಂದಲೋ ದೋಣಿಯಲ್ಲೆಲ್ಲ ಜನ ಬಂದಿದ್ದರು. ವಿಗ್ರಹ ಅಕ್ಕಿಯಲ್ಲಿ ಮಲಗಿದ್ದಾಗ ಸುಖಿಯಾ ಅಜ್ಜಿ ಒಂದೊಂದೇ ಹಿಡಿ ಅಕ್ಕಿ ತಂದು ಹಾಕುತ್ತಿದ್ದರು, ಸಾಕು ಅಂದರೂ ಕೇಳಲಿಲ್ಲ. ಅಮ್ಮನ ಕಣ್ಣು ತೆರೆಸಿದಾಗ ಅಜ್ಜಿ ನನ್ನ ಕೈ ಹಿಡಿದು ಗಳಗಳ ಅತ್ತರು. ನಾನೂ ಅತ್ತೆ. ಪಂಡಿತರಿಗೆ ಎಷ್ಟು ಭಕ್ತಿ ಅಂತ ಜನ ಮಾತಾಡಿಕೊಂಡರು. ನಾನು ಅತ್ತದ್ದು ಅಣ್ಣಯ್ಯನಿಗಾಗಿ.

ಮಂತ್ರ ಹೇಳುವಾಗ ನನ್ನ ಬಾಯಲ್ಲಿ ಅವನದೇ ಸ್ವರ ಬರುತ್ತಿತ್ತು. ಅಪ್ಪನಿಗೆ ಪುರುಸೊತ್ತಿಲ್ಲ ಅಂತ ನನಗೆ ಪಾಠ ಹೇಳಿದವನು ಅವನೇ ಅಲ್ಲವಾ. ಸ್ವರ ತಪ್ಪಿದರೆ ತಲೆಗೆ ಮೊಟಕುತ್ತಿದ್ದ, ಆಮೇಲೆ ಅತ್ತಿಗೆಗೆ ಗೊತ್ತಾಗದ ಹಾಗೆ ಬೆಲ್ಲ ತಂದು ಕೊಡುತ್ತಿದ್ದ. ಅವನಂಥ ಕಂಠ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಇದನ್ನು ಅವನಿಗೆ ಒಂದು ದಿನವೂ ಹೇಳಲಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಹೇಳಬೇಡ ಅಂದವನು ನಾನೇ, ಆದರೂ ಬಂದಿದೆ. ಕಂಕಣ ಬಿಚ್ಚಿದ್ದೇನೆ. ಎಳ್ಳು ತರಿಸಿಟ್ಟುಕೊಂಡಿದ್ದೇನೆ. ಯಾವ ದಿನ ಅಂತ ಗೊತ್ತಾದರೆ ಇಲ್ಲೇ ನದಿಯಲ್ಲಿ ಮುಳುಗಿ ಮಾಡಬೇಕಾದ್ದನ್ನು ಮಾಡುತ್ತೇನೆ. ದಿನ ಮಾತ್ರ ತಿಳಿಸು.

ವಿಷ್ಣುಮೂರ್ತಿ


ಶಿವಮೊಗ್ಗ
28 ಏಪ್ರಿಲ್ 1999

ಚಿ. ವಿಷ್ಣುವಿಗೆ ಆಶೀರ್ವಾದಗಳು.

ನಿನ್ನ ಎಳ್ಳನ್ನು ಸುಖಿಯಾ ಅಜ್ಜಿಗೆ ಕೊಡು, ಚಿಗಳಿ ಮಾಡಿ ತಿನ್ನಲಿ. ನಾನು ಸತ್ತಿಲ್ಲ ಮಾರಾಯ. ಶಿವಮೊಗ್ಗದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸ್ವಂತ ಕೈಯಾರೆ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ನೋಡಿದರೆ ನಿನಗೇ ಗೊತ್ತಾಗಬೇಕು, ಇಷ್ಟು ಕೆಟ್ಟದಾಗಿ ಬರೆಯುವವರು ನಮ್ಮ ವಂಶದಲ್ಲಿ ಇನ್ಯಾರಿದ್ದಾರೆ?

ಮೊದಲು ಒಳ್ಳೆಯ ಸುದ್ದಿ ಕೇಳು. ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇಪ್ಪತ್ತನೇ ತಾರೀಕು, ವೈಶಾಖ ಶುದ್ಧ ಪಂಚಮಿ. ಎರಡು ತಿಂಗಳು ಮೊದಲೇ ಬಂದುಬಿಟ್ಟಳು, ನಿನ್ನ ಹಾಗೇ ಅವಸರದವಳು. ಆ ಪುರುಡಿಗೇ ಕಾಳಿಂಗ ಭಟ್ಟರು ಬಂದದ್ದು. ನಾಗವೇಣಿ ಗಟ್ಟಿಯಾಗಿದ್ದಾಳೆ. ನಿನ್ನೆ ಡಾಕ್ಟರು, "ಇನ್ನು ಭಯ ಇಲ್ಲ, ಮಗು ತಾನೇ ಹಾಲು ನುಂಗ್ತಿದೆ" ಅಂದರು. ಹನಿ ಹನಿಯಾಗಿ ಬಾಯಿಗೆ ಬಿಡುತ್ತಾರೆ, ಆಮೇಲೆ ಮಗು ಕೆಂಪಗೆ ಮುಖ ಮಾಡಿಕೊಂಡು ಗದರುತ್ತದೆ.

ಈಗ ನಿನ್ನ ಸಿಟ್ಟಿನ ವಿಷಯ. ಸೀತೆಯನ್ನು ಬಯ್ಯಬೇಡ. ಇಪ್ಪತ್ಮೂರರ ಬೆಳಿಗ್ಗೆ ಮಗು ಉಸಿರು ಮರೆತು ನೀಲಿಯಾಯಿತು ಅಂತ ಫೋನು ಬಂತು, ಅವಳು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಬಾಳೂರಿನ ಮನೆಯಲ್ಲಿ ನಾನೊಬ್ಬನೇ. ನಿನ್ನ ಫೋನು ರಿಂಗ್ ಆಗುವಾಗ ಎದುರಿಗೇ ಕೂತಿದ್ದೆ, ನೀನೇ ಅಂತ ಗೊತ್ತಿತ್ತು, ಎತ್ತಲಿಲ್ಲ. ಮಾರನೇ ದಿನ ಕೆಂಚಯ್ಯ ನಿನ್ನ ಕಾಗದ ತಂದ. "ಅಯ್ಯಾ, ನೀವು ತೀರಿಕೊಂಡಿದೀರಂತೆ, ಭಟ್ರು ಕೇಳಿದಾರೆ" ಅಂತ ಅವನೇ ಹೇಳಿದ.

ಬದುಕಿದ್ದೇನೆ ಅಂತ ಒಂದು ಸಾಲು ಬರೆಯಬಹುದಿತ್ತು. ಆದರೆ ನೀನು ಸುಮ್ಮನಿರುವವನಲ್ಲ. ಅಣ್ಣ ಅಲ್ಲದಿದ್ದರೆ ಮತ್ತೆ ಯಾರು ಅಂತ ಕೇಳುತ್ತೀಯ. ಅವತ್ತು ಆ ಮಗು ಸಂಜೆಯವರೆಗೆ ಉಳಿಯುತ್ತದೆ ಅಂತ ಯಾರೂ ಮಾತು ಕೊಡುತ್ತಿರಲಿಲ್ಲ. ವಯಸ್ಸಾದ ಅಣ್ಣ ಹೋದ ಅಂತ ಅಳುತ್ತಾ ನೀನು ಮಂತ್ರ ಹೇಳಬಲ್ಲೆ. ಮಗು ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ಒದ್ದಾಡುತ್ತಿದೆ ಅಂತ ಗೊತ್ತಾದರೆ ನಿನ್ನ ಕೈಯಲ್ಲಿ ದರ್ಭೆಯೂ ನಿಲ್ಲುವುದಿಲ್ಲ. ಅದಕ್ಕೆ, ಪ್ರತಿಷ್ಠೆ ಮುಗಿಯುವವರೆಗೆ ನಾನೇ ಸತ್ತುಕೊಂಡಿರುತ್ತೇನೆ ಅಂತ ತೀರ್ಮಾನ ಮಾಡಿದೆ. ಏನೂ ಕಷ್ಟವಾಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿಕೊಂಡಿದ್ದೆ.

ಎರಡನೇ ಕಾಗದ ಬಂದಾಗ ಮಾತ್ರ ತಡೆಯಲಿಲ್ಲ, ಎರಡನ್ನೂ ತೆಗೆದುಕೊಂಡು ಇಲ್ಲಿಗೆ ಬಂದೆ. ಸೀತೆ ಓದಿ ನಕ್ಕಳು, ಆಮೇಲೆ ಅತ್ತಳು, ಆಮೇಲೆ ನನ್ನನ್ನೂ ಸೇರಿಸಿ ನಮ್ಮ ವಂಶಕ್ಕೇ ಬಯ್ದಳು. ನನ್ನ ಕಂಠದ ವಿಷಯ ಬರೆದದ್ದನ್ನು ನಾನು ಎರಡು ಸಲ ಓದಿದೆ. ನಿಜ ಹೇಳುತ್ತೇನೆ, ಖುಷಿಯಾಯಿತು.

ನಿನ್ನ ಅಣ್ಣ,
ಶೇಷಗಿರಿ


ಪಾರಾಮಾರಿಬೋ
29 ಏಪ್ರಿಲ್ 1999

ಅಣ್ಣಯ್ಯಾ, ಸೀತಾ,

ಫ್ಯಾಕ್ಸಿನಿಂದ ಕಾಗದ ಹೊರಗೆ ಬರುವಾಗಲೇ ತಲೆ ಬಗ್ಗಿಸಿ ಓದಿದೆ. ಅಣ್ಣಯ್ಯನ ಅಕ್ಷರ ಕಂಡ ಕೂಡಲೇ ಬಟ್ಟೆಯ ಥಾನುಗಳ ಮೇಲೆ ಕೂತುಬಿಟ್ಟೆ. ಹರಿಪರ್ಸಾದರು ಹೆದರಿ ನೀರು ತಂದರು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವರಿಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅಬ್ಬಾ ದೇವರೇ, ಅಂತ ಎಷ್ಟು ಸಲ ಅಂದೆನೋ!

ಹತ್ತು ದಿನದ ಪುರುಡಿನಲ್ಲಿ ನನಗೆ ಉಳಿದದ್ದು ಇವತ್ತೊಂದೇ ದಿನ. ಇವತ್ತು ದೇವಸ್ಥಾನದೊಳಗೆ ಹೋಗಲಿಲ್ಲ, ಹೊರಗೆ ಸುಖಿಯಾ ಅಜ್ಜಿಯ ಪಕ್ಕ ಕೂತೆ. ಯಾಕೆ ಅಂತ ಕೇಳಿದರು. ಮೊಮ್ಮಗಳು ಹುಟ್ಟಿದ್ದಾಳೆ, ಅದಕ್ಕೆ ಹೊರಗೆ ಅಂದೆ. ಅಜ್ಜಿ ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ಊರಿಗೆಲ್ಲ ಬರಾ ಹಂಚಿಸಿದರು.

ಮಗುವಿಗೆ ಅನ್ನಪೂರ್ಣೆ ಅಂತ ಹೆಸರಿಡಿ. ನಾಲ್ಕನೇ ತಾರೀಕು ಬೆಂಗಳೂರಿಗೆ ಬಂದು ಇಳಿಯುತ್ತೇನೆ.

ಅಣ್ಣಯ್ಯಾ, ನಿನ್ನ ಕಂಠದ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಇನ್ನೊಂದು ಸಲ ಹೀಗೆ ಸತ್ತರೆ ನಾನು ಮಾತಾಡಿಸುವುದಿಲ್ಲ.

ವಿಷ್ಣು


ಶಿವಮೊಗ್ಗ
1 ಮೇ 1999

ಯಜಮಾನರಿಗೆ ಸೀತೆಯ ನಮಸ್ಕಾರ.

ಅನ್ನಪೂರ್ಣೆ ಅಂತ ಇಡಬೇಕಂತೆ! ನೀವು ಅಲ್ಲಿ ದೇವರನ್ನು ಕೂರಿಸಿ ಬರುವಷ್ಟರಲ್ಲಿ ನರ್ಸುಗಳು ಹೆಸರು ಕೇಳಿದರು, ನಾಗವೇಣಿ ಪಂಚಮಿ ಅಂತ ಬರೆಸಿಬಿಟ್ಟಳು. ಅದೇ ಇರಲಿ. ಅಷ್ಟು ಕಷ್ಟಪಟ್ಟವಳಿಗೆ ಅಷ್ಟಾದರೂ ಹಕ್ಕು ಬೇಡವಾ?

ನಾನು ಮುಚ್ಚಿಟ್ಟದ್ದಕ್ಕೆ ನೀವು ಸಿಟ್ಟು ಮಾಡಿದಿರಿ. ಮಾಡಿ. ಪುರುಡಿಗೆ ಹೆದರಿ ಹೇಳಲಿಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ನಿಜ. ಹುಟ್ಟಿತು ಅಂತ ನಿಮಗೆ ಹೇಳಿದರೆ ನೀವು ಖುಷಿಪಡುತ್ತೀರಿ, ಆಮೇಲೆ ಆ ಖುಷಿಯನ್ನು ಕಿತ್ತುಕೊಳ್ಳುವವಳು ನಾನೇ ಆಗಬೇಕು. ಅದಕ್ಕೆ ನನ್ನಲ್ಲಿ ಧೈರ್ಯ ಇರಲಿಲ್ಲ. ನಿನ್ನೆ ಪಂಚಮಿ ನನ್ನ ಬೆರಳು ಹಿಡಿದುಕೊಂಡಳು, ಬಿಡಿಸಿದರೂ ಬಿಡಲಿಲ್ಲ. ಆಗ ನನಗೆ ಧೈರ್ಯ ಬಂತು.

ಇಲ್ಲಿ ಗಾಜಿನ ಪೆಟ್ಟಿಗೆ ಕಡಿಮೆ, ಮಕ್ಕಳು ಜಾಸ್ತಿ. ಇವಳನ್ನು ಈಗ ಪೆಟ್ಟಿಗೆಯಿಂದ ತೆಗೆದಿದ್ದಾರೆ. ಬದಲಿಗೆ ಮನೆಯವರು ಸರದಿಯ ಮೇಲೆ ಬರಿ ಎದೆಗೆ ಆನಿಸಿಕೊಂಡು ಕೂರಬೇಕಂತೆ, ಮೈಯ ಬಿಸಿ ಮೈಗೆ ತಾಗಬೇಕಂತೆ. ಡಾಕ್ಟರು ಚಿಕ್ಕ ವಯಸ್ಸಿನವರು. ನೀವೆಲ್ಲಿ ಅಂತ ಕೇಳಿದರು, ಹೇಳಿದೆ. "ಅಯ್ಯೋ, ಇದನ್ನ ಕಂಡುಹಿಡಿದಿದ್ದೇ ಆ ಕಡೆಯವ್ರು ಅಮ್ಮಾ! ಸುರಿನಾಮ್ ಅಲ್ಲ, ಅದೇ ಖಂಡದಲ್ಲಿ ಕೊಲಂಬಿಯಾ ಅಂತ ಇದೆ. ಅಲ್ಲೂ ಪೆಟ್ಟಿಗೆ ಸಾಲದೆ ಹೀಗೆ ಮಾಡಿದ್ರು" ಅಂದರು. ನೀವು ಇಲ್ಲಿಂದ ದೇವರನ್ನು ಒಯ್ದಿರಿ, ಅವರು ಅಲ್ಲಿಂದ ಇದನ್ನು ಕಳಿಸಿದ್ದಾರೆ ಅಂತ ನಾನು ಲೆಕ್ಕ ಹಾಕಿಕೊಂಡೆ.

ಬೆಳಿಗ್ಗೆ ನಾಗವೇಣಿ ಕೂರುತ್ತಾಳೆ, ಸಂಜೆ ನಾನು, ಆಮೇಲೆ ರವಿ. ನಿನ್ನೆ ಭಾವನವರೂ ಹಟ ಮಾಡಿ ಕೂತರು. ಅವರ ಎದೆ ಗೊರಗೊರ ಅನ್ನುತ್ತಿತ್ತು, ಅವಳು ಅದರ ಮೇಲೇ ನಿದ್ದೆ ಹೋದಳು.

ನೀವು ಬೆಂಗಳೂರಿನಿಂದ ಸೀದಾ ಇಲ್ಲಿಗೆ ಬನ್ನಿ. ಸಮುದ್ರ ದಾಟಿ ಬಂದಿದ್ದೇನೆ, ಮೊದಲು ಊರಿಗೆ ಹೋಗಿ ಪ್ರಾಯಶ್ಚಿತ್ತ, ಪಂಚಗವ್ಯ, ಮಡಿ ಅಂತ ಶುರು ಮಾಡಿದರೆ ನಾನು ಸುಮ್ಮನಿರುವುದಿಲ್ಲ. ಅವೆಲ್ಲ ಆಮೇಲೆ ಆಗುತ್ತದೆ. ಕೈ ತೊಳೆದು, ಅಂಗಿ ಬಿಚ್ಚಿ, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿ. ಮಧ್ಯಾಹ್ನದ ಸರದಿ ಯಾರಿಗೂ ಕೊಡದೆ ನಿಮಗೇ ಇಟ್ಟಿದ್ದೇನೆ.

ಸೀತಾ